ಎರಡನೇ ಬೆಲ್ಟಿನ ವೇಗ

ಜನವರಿ ೧೧

ಮಗಳೇ,

ನಿನ್ನೆ ನಮ್ಮ ಹಳೆಯ ಮಿಲ್ಲಿನ ವಕೀಲರು ಮನೆಗೆ ಬಂದಿದ್ದರು. ಹೆಂಗಸು. ನಿನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಕುರ್ಚಿಯ ತುದಿಯಲ್ಲೇ ಕೂತು ಚೀಲದಿಂದ ಒಂದು ಕಟ್ಟು ಕಾಗದ ತೆಗೆದು ನನ್ನ ಮುಂದಿಟ್ಟರು. ನಿಮ್ಮ ಕಂಪನಿ ಮಿಲ್ಲಿನ ಮೇಲೆ ದಾವೆ ಹೂಡಿದೆಯಂತೆ. ಉಬ್ಬಿದ ಟಿಶ್ಯೂ ಕಾಗದ ಮಾಡುವ ವಿಧಾನಕ್ಕೆ ನೀವು ಪೇಟೆಂಟ್ ಪಡೆದಿದ್ದೀರಿ, ಮಿಲ್ಲಿನವರು ಕಳೆದ ವರ್ಷ ಕೂರಿಸಿದ ಹೊಸ ಯಂತ್ರದಲ್ಲಿ ಅದನ್ನೇ ನಡೆಸುತ್ತಿದ್ದಾರೆ, ಆದ್ದರಿಂದ ಯಂತ್ರ ನಿಲ್ಲಿಸಬೇಕು ಎಂದು.

ಮೊದಲ ಪುಟದಲ್ಲಿ ಕಂಡುಹಿಡಿದವರ ಹೆಸರುಗಳಿದ್ದವು. ಎಲ್ಲಕ್ಕಿಂತ ಮೇಲೆ ನಿನ್ನ ಹೆಸರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ನೀನು ಹೇಳಿರಲೇ ಇಲ್ಲವಲ್ಲ! ಅಮ್ಮನನ್ನು ಒಳಗಿನಿಂದ ಕರೆದು ತೋರಿಸಿದೆ. ನೀನು ನನ್ನ ಮಗಳು ಎಂದು ಗೊತ್ತಿದ್ದೇ ಬಂದಿದ್ದ ವಕೀಲರು, ಪಾಪ, ನಮ್ಮಿಬ್ಬರ ಸಂಭ್ರಮ ಮುಗಿಯುವವರೆಗೆ ಕಿಟಕಿಯ ಕಡೆ ನೋಡುತ್ತಾ ಕೂತರು.

ಆಮೇಲೆ ವಿಧಾನ ಓದಿದೆ. ಒದ್ದೆ ಹಾಳೆಯನ್ನು ಮೊದಲ ಬೆಲ್ಟಿನಿಂದ ಎರಡನೇ ಬೆಲ್ಟಿಗೆ ದಾಟಿಸುವಾಗ ಎರಡನೆಯದು ಬೇಕೆಂದೇ ನಿಧಾನ ಓಡಬೇಕು. ಹಿಂದಿನ ನಾರು ಮುಂದಿನದಕ್ಕೆ ಒತ್ತಿಕೊಂಡು ಹಾಳೆ ಉಬ್ಬಬೇಕು. ಆ ಉಬ್ಬನ್ನು ರೋಲರಿನಲ್ಲಿ ಅದುಮದೆ ಬಿಸಿಗಾಳಿಯಲ್ಲಿ ಒಣಗಿಸಬೇಕು. ಆ ಸಾಲುಗಳ ಮೇಲೆ ಬೆರಳಿಟ್ಟು ಮತ್ತೆ ಮೊದಲಿನಿಂದ ಓದಿದೆ.

"ಹತ್ತೊಂಬತ್ತು ವರ್ಷದ ಹಿಂದೆ ಇದನ್ನ ನೀವು ಮಾಡಿದ್ರಂತೆ, ಹೌದಾ ಸರ್?" ಎಂದು ಕೇಳಿದರು. "ಪ್ಯಾಕಿಂಗಿನ ಹಳಬರು ಹೇಳ್ತಾರೆ. ಆದರೆ ಮಷೀನ್ ಮುಂದೆ ನಿಂತಿದ್ದ ಫೋರ್‌ಮನ್ ನೀವು. ಮೊದಲೇ ನಡೆದಿದ್ದನ್ನ ಹೊಸದು ಅನ್ನೋಕಾಗಲ್ಲ, ನೀವು ಬಂದು ಹೇಳಿದ್ರೆ ಪೇಟೆಂಟ್ ನಿಲ್ಲಲ್ಲ."

ಪೇಟೆಂಟ್ ಬಿದ್ದರೆ ಮಿಲ್ಲು ಉಳಿಯುತ್ತದೆ, ನಿಂತರೆ ಮುಚ್ಚುತ್ತದೆ. ಮುನ್ನೂರು ಜನ ಇದ್ದಾರೆ ಅಲ್ಲಿ. ನೋಡಿ ಹೇಳ್ತೀನಿ ಎಂದು ಕಳಿಸಿದೆ.

ಏನು ಹೇಳಲಿ, ನೀನೇ ಹೇಳು.

ನಿನ್ನ ಅಪ್ಪ


ಜನವರಿ ೨೪

ಅಪ್ಪಾ,

ಈ ವಿಷಯ ನಾವು ಕಾಗದದಲ್ಲಿ ಬರೆಯಬಾರದು. ನಮ್ಮ ಕಂಪನಿಯ ವಕೀಲರು ನನ್ನನ್ನು ಕೂರಿಸಿಕೊಂಡು ಸ್ಪಷ್ಟವಾಗಿ ಹೇಳಿದ್ದಾರೆ. ಆದರೂ ಬರೆಯುತ್ತಿದ್ದೇನೆ, ಓದಿ ಹರಿದುಹಾಕಿ.

ಆ ಪೇಟೆಂಟ್ ನನ್ನ ಆರು ವರ್ಷ. ಪ್ರಯೋಗಶಾಲೆಯಲ್ಲಿ ಕಿಟಕಿಯೂ ಇಲ್ಲದ ಒಂದು ಕೋಣೆಯಲ್ಲಿ, ಹರಿದ ಹಾಳೆ ತೆಗೆದು ಮತ್ತೆ ಹಾಕಿ, ಮತ್ತೆ ತೆಗೆದು, ಕಳೆದ ಆರು ವರ್ಷ. ಯಾರೋ ಎಂದೋ ಒಂದು ಬೆಲ್ಟ್ ನಿಧಾನ ಮಾಡಿದ್ದೂ ಅದೂ ಒಂದೇ ಅಲ್ಲ. ಎಷ್ಟು ನಿಧಾನ, ಬೆಲ್ಟಿಗೆ ಯಾವ ನೇಯ್ಗೆ, ಎಷ್ಟು ನೀರು, ಎಷ್ಟು ಗಾಳಿ, ಎಲ್ಲವನ್ನೂ ಅಳೆದವಳು ನಾನು.

ನಿಮಗೀಗ ಎಪ್ಪತ್ತೊಂದು. ಹತ್ತೊಂಬತ್ತು ವರ್ಷದ ಹಿಂದಿನ ದಿನಾಂಕ, ವೇಗ ಎಲ್ಲ ನೆನಪಿರಬೇಕೆಂದು ಯಾವ ನ್ಯಾಯಾಧೀಶರೂ ಬಯಸುವುದಿಲ್ಲ. ಸುಳ್ಳು ಹೇಳಿ ಎನ್ನುತ್ತಿಲ್ಲ. ಸರಿಯಾಗಿ ನೆನಪಿಲ್ಲ ಎಂದರೆ ಸಾಕು. ಯಂತ್ರದ ದಿನದಿನದ ಲೆಕ್ಕ ಬರೆದಿಡುವ ಆ ವರ್ಷದ ಶಿಫ್ಟ್ ಪುಸ್ತಕ ಮಿಲ್ಲಿನಲ್ಲಿ ಸಿಕ್ಕಿಲ್ಲವಂತೆ. ಹಾಗಾಗಿ ನಿಮ್ಮ ಮಾತೊಂದೇ ಅವರಿಗೆ ಆಧಾರ.

ಅಮ್ಮನ ಮಂಡಿನೋವು ಹೇಗಿದೆ?

ನಿಮ್ಮ ಮಗಳು


ಫೆಬ್ರವರಿ ೩

ಮಗಳೇ,

ಅಮ್ಮನ ಮಂಡಿ ಹಾಗೇ ಇದೆ. ಮೆಟ್ಟಿಲು ಹತ್ತುವಾಗ ನನ್ನ ಹೆಗಲು ಹಿಡಿದು ನನಗೇ ಬೈಯುತ್ತಾಳೆ, ನೀವು ಗೋಡೆಯಷ್ಟೂ ಗಟ್ಟಿ ಇಲ್ಲ ಎಂದು.

ನಿನ್ನ ಕಾಗದ ಹರಿಯಲಿಲ್ಲ. ನಲವತ್ತು ವರ್ಷ ಕಾಗದ ಮಾಡಿದವನಿಗೆ ಕಾಗದ ಹರಿಯಲು ಕೈ ಬರುವುದಿಲ್ಲ.

ನೆನಪಿಲ್ಲ ಎನ್ನಬಹುದು, ಕಷ್ಟವೇನಲ್ಲ. ಒಮ್ಮೆ ಹೇಳಿ ಅಭ್ಯಾಸವಿದೆ. ಆದರೆ ನೆನಪಿದೆ. ಹನ್ನೊಂದು ವಾರ ನಡೆಸಿದೆವು. ಅದಕ್ಕೆ ದಪ್ಪ ರೋಲ್ ಎಂದು ಹೆಸರಿಟ್ಟಿದ್ದೆವು, ಅಂಗಡಿಗಳಿಗೆ ಹೋಗಿತ್ತು, ಜನ ಕೊಂಡಿದ್ದರು. ಹನ್ನೆರಡನೇ ವಾರದ ಮಂಗಳವಾರ ಮಧ್ಯಾಹ್ನ ಮೇಷ್ಟ್ರ ಕೈ ಹೋಯಿತು. ಮಾರನೇ ದಿನವೇ ಬೆಲ್ಟನ್ನು ಹಳೇ ವೇಗಕ್ಕೆ ತಂದರು. ದಿನಾಂಕ ಮರೆಯುವುದು ಹೇಗೆ?

ಮೇಷ್ಟ್ರು ನಿನಗೆ ನೆನಪಿರಬೇಕು. ನನ್ನ ಜೊತೆಯ ಮಷೀನ್‌ಮನ್. ಊಟದ ಬಿಡುವಿನಲ್ಲಿ ಎಲ್ಲರಿಗೂ ಪೇಪರ್ ಗಟ್ಟಿಯಾಗಿ ಓದಿ, ಓದಿದ್ದಕ್ಕೆ ತನ್ನ ಟೀಕೆಯನ್ನೂ ಸೇರಿಸಿ ಹೇಳುತ್ತಿದ್ದ. ಅದಕ್ಕೇ ಆ ಹೆಸರು. ನಮ್ಮ ಮನೆಗೂ ಬರುತ್ತಿದ್ದ. ನಿನಗೆ ಪೆನ್ಸಿಲ್ ಚೂಪು ಮಾಡಿಕೊಡುತ್ತಿದ್ದ.

ಹತ್ತೊಂಬತ್ತು ವರ್ಷ ನಾನು ಅವನ ಮುಖ ನೋಡಿಲ್ಲ.

ನಿನ್ನ ಅಪ್ಪ


ಮಾರ್ಚ್ ೧೯

ಪುಟ್ಟಾ,

ಅಪ್ಪ ಬರೆಯುತ್ತಿಲ್ಲವೆಂದು ನಾನು ಬರೆಯುತ್ತಿದ್ದೇನೆ. ನನ್ನ ಅಕ್ಷರ ನೋಡಿ ನಗಬೇಡ.

ಹೋದ ವಾರ ಅವರು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೇಷ್ಟ್ರ ಮನೆಗೆ ಹೋದರು. ಮಧ್ಯಾಹ್ನ ವಾಪಸು ಬಂದು ಚಪ್ಪಲಿ ಕೂಡ ಬಿಡದೆ ಹಾಸಿಗೆಯ ಮೇಲೆ ಕೂತರು. "ಏನಂದ್ರು?" ಅಂದೆ. "ಓದು ಅಂದ" ಅಂದರು. ಏನು ಓದೋದು, ಯಾಕೆ ಓದೋದು ಅಂತ ಕೇಳಿದರೆ ಬಾಯಿ ಬಿಡಲಿಲ್ಲ. ಅವತ್ತಿನಿಂದ ಎರಡು ತುತ್ತು ತಿಂದು ಕೈ ತೊಳೆಯುತ್ತಾರೆ. ವಕೀಲರು ಎರಡು ಸಲ ಫೋನ್ ಮಾಡಿದರು, ಜುಲೈನಲ್ಲಿ ಸಾಕ್ಷಿ ಹೇಳಲು ದಿನ ಗೊತ್ತಾಗಿದೆ ಅಂತ. ಹೂಂ ಅಂದಿದ್ದಾರೆ.

ನಿನ್ನ ಮೇಲೆ ಕೋಪ ಮಾಡಿಕೊಂಡು ಹೇಳುತ್ತಿಲ್ಲ, ಆದರೂ ಹೇಳಿಬಿಡುತ್ತೇನೆ. ಆ ಹನ್ನೊಂದು ವಾರ ನಿಮ್ಮಪ್ಪ ದಿನಾ ಊಟಕ್ಕೆ ಕೂತಾಗ ಅದೇ ಮಾತು. ಮುಂದಿನ ಬೆಲ್ಟು ಹಿಂದಿನ ಬೆಲ್ಟು ಅಂತ ತಟ್ಟೆಯ ಪಕ್ಕ ಬೆರಳಲ್ಲಿ ಗೆರೆ ಎಳೆದು ತೋರಿಸುತ್ತಿದ್ದರು. ನನಗೆ ತಲೆಬುಡ ತಿಳಿಯುತ್ತಿರಲಿಲ್ಲ. ನೀನು ಹದಿನಾರು ವರ್ಷದವಳು, ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದೆ. ಯಾಕೆ ಹರಿಯಲ್ಲ ಅಪ್ಪಾ, ಯಾಕೆ ಹರಿಯಲ್ಲ ಅಂತ ಪ್ರಾಣ ತಿನ್ನುತ್ತಿದ್ದೆ.

ವಕೀಲರಿಗೆ ನಾನು ಇದನ್ನು ಹೇಳಿಲ್ಲ. ಅಪ್ಪನೂ ಹೇಳಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಮ್ಮ


ಏಪ್ರಿಲ್ ೨

ಅಪ್ಪಾ,

ಅಮ್ಮ ಬರೆದಿದ್ದಳು. ಹತ್ತು ದಿನವಾಯಿತು, ಉತ್ತರ ಬರೆಯಲು ಕೂತು ಎದ್ದು ಕೂತು ಎದ್ದು ಇವತ್ತು ಬರೆಯುತ್ತಿದ್ದೇನೆ.

ನಾನು ಕದಿಯಲಿಲ್ಲ ಎಂದು ನಿಮಗೆ ಹೇಗೆ ನಂಬಿಸಲಿ? ನಾಲ್ಕನೇ ವರ್ಷ ಒಂದು ದಿನ ಹಾಳೆ ಎಷ್ಟು ಮಾಡಿದರೂ ಚಪ್ಪಟೆಯಾಗಿಯೇ ಬರುತ್ತಿತ್ತು. ಎಲ್ಲರೂ ಸೋತು ಊಟಕ್ಕೆ ಹೋದರು. ನಾನು ಒಬ್ಬಳೇ ಉಳಿದು ಎರಡನೇ ಬೆಲ್ಟಿನ ವೇಗ ಇಳಿಸಿದೆ. ಯಾಕೆ ಇಳಿಸಿದೆ ಎಂದು ಆಮೇಲೆ ಎಲ್ಲರೂ ಕೇಳಿದರು. ಹೊಳೆಯಿತು ಎಂದೆ. ನನಗೂ ಹಾಗೇ ಅನ್ನಿಸಿತ್ತು. ಎಲ್ಲರೂ ಬೆನ್ನು ತಟ್ಟಿದರು, ಹೆಸರು ಮೊದಲು ಹಾಕಿದರು. ಆ ದಿನ ಮನೆಗೆ ಫೋನ್ ಮಾಡಬೇಕೆಂದು ಎತ್ತಿಕೊಂಡು ಕೆಳಗಿಟ್ಟೆ. ಯಾಕೆ ಇಟ್ಟೆ ಎಂದು ಆಗ ಯೋಚಿಸಲಿಲ್ಲ. ಅಪ್ಪ ಖಂಡಿತ ಏನಾದರೂ ಹೇಳುತ್ತಾರೆ ಎಂಬ ಭಯ ಇತ್ತು ಎಂದು ಈಗ ಅನ್ನಿಸುತ್ತದೆ.

ನೀವು ಸಾಕ್ಷಿ ಹೇಳಿದರೆ ಅವರು ಕೇಳುವ ಮುಂದಿನ ಪ್ರಶ್ನೆ ಗೊತ್ತಲ್ಲ. ಇದನ್ನು ಮನೆಯಲ್ಲಿ ಯಾರಿಗಾದರೂ ಹೇಳಿದ್ದಿರಾ?

ಮೇಷ್ಟ್ರ ಮನೆಯಲ್ಲಿ ಏನಾಯಿತು? ಏನು ಓದು ಅಂದರು? ನನಗೆ ಪೂರ್ತಿ ಹೇಳಿ. ವಕೀಲರ ಮಾತು ಹಾಳಾಗಲಿ.

ನಿಮ್ಮ ಮಗಳು


ಏಪ್ರಿಲ್ ೧೦

ಮಗಳೇ,

ಪೂರ್ತಿ ಹೇಳು ಎಂದಿದ್ದೀಯ. ಹೇಳುತ್ತೇನೆ. ನಡುವೆ ನಿಲ್ಲಿಸದೆ ಓದು.

ಆ ಶಿಫ್ಟ್ ಪುಸ್ತಕ ಮಿಲ್ಲಿನಲ್ಲಿ ಸಿಗುವುದಿಲ್ಲ, ಯಾಕೆಂದರೆ ಅದು ನಮ್ಮ ಮನೆಯಲ್ಲಿದೆ. ಅಪಘಾತವಾದ ದಿನ ಸಂಜೆ ನಾನೇ ಅಂಗಿಯೊಳಗೆ ಇಟ್ಟುಕೊಂಡು ತಂದೆ. ಹಳೆಯ ಹಾಸಿಗೆಗಳ ಪೆಟ್ಟಿಗೆಯ ತಳದಲ್ಲಿದೆ. ಅಪಘಾತದ ಬಗ್ಗೆ ಮಿಲ್ಲಿನವರು ನಡೆಸಿದ ವಿಚಾರಣೆಯಲ್ಲಿ ಪುಸ್ತಕ ಎಲ್ಲಿ ಎಂದು ಯಾರೂ ಒತ್ತಾಯಿಸಿ ಕೇಳಲಿಲ್ಲ. ಅದು ಸಿಗದಿದ್ದರೆ ಅವರಿಗೂ ಒಳ್ಳೆಯದೇ ಆಗಿತ್ತು.

ಬೆಲ್ಟ್ ನಿಧಾನ ಮಾಡಿದ್ದು ಮೇಲಿನವರ ಅಪ್ಪಣೆ ಇಲ್ಲದೆ. ಹಾಳೆ ಎಷ್ಟು ಉಬ್ಬಿದೆ ಎಂದು ತಿಳಿಯಲು ಬೇರೆ ಉಪಾಯವಿರಲಿಲ್ಲ, ಕೈಯಿಂದ ಮುಟ್ಟಿ ನೋಡಬೇಕಿತ್ತು. ಅದಕ್ಕಾಗಿ ರೋಲರಿನ ಮುಂದಿನ ಕಾವಲು ಜಾಲರಿ ತೆಗೆಸಿದ್ದೆ. ತೆಗೆಸಿದವನು ನಾನು. ಆ ಮಂಗಳವಾರ ಹಾಳೆ ಎಂದೂ ಬರದಷ್ಟು ಚೆನ್ನಾಗಿ ಬರುತ್ತಿತ್ತು. ನಾನು ಮುಟ್ಟಿ ನೋಡಿ, ಖುಷಿಗೆ ಮೇಷ್ಟ್ರನ್ನು ಕೂಗಿ ಕರೆದೆ. "ಬಾರೋ, ಕೈ ಹಾಕಿ ನೋಡು, ಹತ್ತಿ ಇದ್ದ ಹಾಗಿದೆ!" ಅವನು ಬಂದು ಕೈ ಹಾಕಿದ. ಬೆಲ್ಟು ಅವನ ತೋಳನ್ನು ಹಿಡಿಯಿತು. ನಿಲ್ಲಿಸುವ ಗುಂಡಿ ನನ್ನಿಂದ ನಾಲ್ಕು ಹೆಜ್ಜೆ ದೂರ ಇತ್ತು.

ವಿಚಾರಣೆಯಲ್ಲಿ ಕೇಳಿದರು, ಕೈ ಹಾಕಲು ನೀವು ಹೇಳಿದಿರಾ? ನನಗೆ ನೆನಪಿಲ್ಲ ಎಂದೆ. ಜಾಲರಿ ತೆಗೆದವರು ಯಾರು? ಗೊತ್ತಿಲ್ಲ ಎಂದೆ. ಆಗ ನಿನ್ನ ಕಾಲೇಜು ಶುರುವಾಗುವುದಿತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ನೆಪ. ಹೆದರಿದ್ದೆ, ಅಷ್ಟೆ. ಅವರು ಬರೆದರು: ಕಾರ್ಮಿಕನ ಸ್ವಂತ ಅಜಾಗರೂಕತೆ. ಮೇಷ್ಟ್ರನ್ನು ಕೆಲಸದಿಂದ ತೆಗೆದರು. ನನ್ನನ್ನು ಉಳಿಸಿಕೊಂಡರು.

ಇನ್ನೊಂದಿದೆ. ಇದು ನಿನಗೆ ಎಲ್ಲಕ್ಕಿಂತ ಕಷ್ಟವಾಗಬಹುದು. ಬೆಲ್ಟ್ ನಿಧಾನ ಮಾಡೋಣ ಎಂದವನು ನಾನಲ್ಲ. ಮೇಷ್ಟ್ರು. ಎರಡು ಬೆಲ್ಟೂ ಒಂದೇ ವೇಗ ಓಡಬೇಕು, ಇಲ್ಲದಿದ್ದರೆ ಹಾಳೆ ಹರಿಯುತ್ತದೆ ಎಂದು ಮೇಲಿನವರು ನಮಗೆಲ್ಲ ಪಾಠ ಹೇಳಿಕೊಟ್ಟಿದ್ದರು. ಅವನು ಒಂದು ದಿನ ಬಸ್ಸಿನ ಬಾಗಿಲಲ್ಲಿ ಜನ ನುಗ್ಗುವುದನ್ನು ನೋಡಿ ಬಂದು, "ಮುಂದಿನವನು ನಿಧಾನ ಮಾಡಿದ್ರೆ ಹಿಂದಿನವನು ಹರಿಯಲ್ಲ ಕಣಯ್ಯಾ, ಉಬ್ಕೋತಾನೆ" ಎಂದ. ನಾವಿಬ್ಬರೂ ನಕ್ಕು ಹಾಗೇ ಮಾಡಿದೆವು. ಪುಸ್ತಕದಲ್ಲಿ ನಾನೇ ಬರೆದಿದ್ದೇನೆ, ಇಂಥವನ ಸೂಚನೆಯಂತೆ ಎರಡನೇ ಬೆಲ್ಟಿನ ವೇಗ ಇಳಿಸಲಾಯಿತು ಎಂದು. ಮನೆಗೆ ಬಂದು ಊಟಕ್ಕೆ ಕೂತು ನಿಮ್ಮಿಬ್ಬರ ಮುಂದೆ ಹೇಳಿದ್ದು ಮಾತ್ರ, ನಾನು ಕಂಡುಹಿಡಿದೆ ಎಂದು. ನೀನು ಅಷ್ಟು ಹೆಮ್ಮೆಯಿಂದ ನೋಡುತ್ತಿದ್ದೆ. ಆಮೇಲೆ ತಿದ್ದಿಕೊಳ್ಳಲು ಆಗಲಿಲ್ಲ.

ಹೋದ ತಿಂಗಳು ಅವನ ಮನೆಗೆ ಹೋದಾಗ ಪುಸ್ತಕವನ್ನೂ ಒಯ್ದಿದ್ದೆ. ಬಾಗಿಲು ತೆಗೆದು ನನ್ನನ್ನು ನೋಡಿ, "ಓ, ಫೋರ್‌ಮನ್ನು" ಎಂದ. ಬಲಗೈ ಮೊಣಕೈಯಿಂದ ಕೆಳಗೆ ಇಲ್ಲ. ಅಂಗಿಯ ತೋಳನ್ನು ಮಡಿಸಿ ಪಿನ್ನು ಹಾಕಿದ್ದ. ಒಳಗೆ ಒಂದು ಮಂಚ, ಒಂದು ಮೇಜು, ಪೇಪರ್ ಕಟ್ಟುಗಳು. ಅವನ ಹೆಂಡತಿ ಹೊಲಿಗೆ ಕೆಲಸಕ್ಕೆ ಹೋಗಿದ್ದಳು.

ಪುಸ್ತಕ ನೋಡಿದ ಕೂಡಲೇ ಗುರುತು ಹಿಡಿದ. "ಓದು" ಎಂದ. ಆ ಹನ್ನೊಂದು ವಾರದ ಪುಟಗಳನ್ನು ನಾನು ಗಟ್ಟಿಯಾಗಿ ಓದಿದೆ. ತನ್ನ ಹೆಸರು ಬಂದಾಗ ಕಣ್ಣು ಮುಚ್ಚಿಕೊಂಡ. ಮುಗಿದ ಮೇಲೆ ಕೇಳಿದ, "ಹತ್ತೊಂಬತ್ತು ವರ್ಷ ಆಯ್ತು. ಈಗ್ಯಾಕೆ ಬಂದೆ? ಕೋರ್ಟಿಗೆ ಬೇಕಾಯ್ತು ಅಂತ ತಾನೆ?"

"ಅಲ್ಲ" ಎಂದೆ. ನನ್ನ ಧ್ವನಿ ನನಗೇ ಸುಳ್ಳು ಅನ್ನಿಸಿತು.

"ಕೋರ್ಟಲ್ಲಿ ಏನಾದ್ರೂ ಹೇಳ್ಕೋ. ಇವಳ ಮುಂದೆ ಹೇಳ್ತೀಯಾ?" ಎಂದ. ಇವಳು ಎಂದರೆ ಹೆಂಡತಿ. "ಅವತ್ತು ನಿನ್ನ ಗಮನ ಎಲ್ಲಿತ್ತು ಅಂತ ಇವತ್ತಿಗೂ ಕೇಳ್ತಾಳೆ. ನೀನು ಕರೆದೆ ಅಂತ ಹೇಳಿದ್ರೆ ನಂಬಲ್ಲ. ವಿಚಾರಣೆ ಕಾಗದದಲ್ಲಿ ಹಾಗೆ ಬರೆದಿಲ್ವಲ್ಲ ಅಂತಾಳೆ."

ನಾನು ಎದ್ದು ಬಂದುಬಿಟ್ಟೆ.

ಜುಲೈನಲ್ಲಿ ಎಲ್ಲ ಹೇಳುತ್ತೇನೆ. ಪುಸ್ತಕವನ್ನೂ ಕೊಡುತ್ತೇನೆ. ಮನೆಯಲ್ಲಿ ಯಾರಿಗಾದರೂ ಹೇಳಿದ್ದಿರಾ ಎಂದು ಕೇಳಿದರೆ ಅದನ್ನೂ ಹೇಳಬೇಕಾಗುತ್ತದೆ. ನನ್ನನ್ನು ಕ್ಷಮಿಸು ಎನ್ನಲು ಬಾಯಿ ಬರುವುದಿಲ್ಲ. ತಿಳಿದಿರಲಿ ಎಂದು ಬರೆದೆ.

ನಿನ್ನ ಅಪ್ಪ


ಜೂನ್ ೨೮

ಅಪ್ಪಾ,

ಇಷ್ಟು ದಿನ ಬರೆಯದೆ ಇದ್ದುದಕ್ಕೆ ಕಾರಣ ಹುಡುಕುವುದಿಲ್ಲ.

ನೀವು ಸಾಕ್ಷಿ ಹೇಳಬೇಕಾಗಿಲ್ಲ. ನಿನ್ನೆ ಎರಡೂ ಕಡೆಯವರು ರಾಜಿಯಾದರು. ಮಿಲ್ಲಿನ ಹೊಸ ಯಂತ್ರವನ್ನು ನಮ್ಮ ಕಂಪನಿ ಕೊಂಡುಕೊಳ್ಳುತ್ತದೆ. ಮಿಲ್ಲಿನವರು ಪೇಟೆಂಟ್ ಒಪ್ಪಿಕೊಂಡು ದಾವೆ ಮುಗಿಸುತ್ತಾರೆ. ಉಳಿದ ಹಳೆಯ ಯಂತ್ರಗಳನ್ನು ನಿಲ್ಲಿಸುತ್ತಾರಂತೆ. ಮಿಲ್ಲು ಮುಚ್ಚುತ್ತದೆ, ಅಪ್ಪ. ಮಾಲೀಕರಿಗೆ ಅದೇ ಲಾಭವಂತೆ. ಆ ಮುನ್ನೂರು ಜನ ಯಾವ ಕಡೆಯ ಲೆಕ್ಕದಲ್ಲೂ ಇರಲಿಲ್ಲ.

ನಿಮ್ಮ ಏಪ್ರಿಲ್ ಕಾಗದವನ್ನು ಮೂರು ಸಲ ಚೀಲದಲ್ಲಿಟ್ಟುಕೊಂಡು ಕಂಪನಿಗೆ ಹೋದೆ. ವಕೀಲರಿಗೆ ತೋರಿಸೋಣ, ಕಂಡುಹಿಡಿದವರ ಪಟ್ಟಿ ತಪ್ಪು ಎಂದು ಹೇಳೋಣ ಎಂದು. ಮೂರು ಸಲವೂ ಹಾಗೇ ವಾಪಸು ತಂದೆ. ಕೊನೆಯ ಸಲ ಅವರ ಬಾಗಿಲವರೆಗೂ ಹೋಗಿದ್ದೆ. ಅವರು ತಲೆ ಎತ್ತಿ "ಏನು?" ಎಂದರು. "ಏನಿಲ್ಲ, ರಜೆ ಬಗ್ಗೆ ಕೇಳೋಣ ಅಂತ" ಎಂದೆ.

ವಿಚಾರಣೆಯಲ್ಲಿ ನೀವು ಹಾಗೆ ಯಾಕೆ ಹೇಳಿದಿರಿ ಎಂದು ನಾನು ಇನ್ನು ಕೇಳಲಾರೆ.

ಮೇಷ್ಟ್ರಿಗೆ ಒಂದು ಕಾಗದ ಬರೆದಿದ್ದೇನೆ. ಬರೆದು ಒಂದು ತಿಂಗಳಾಯಿತು. ಉತ್ತರ ಬಂದಿಲ್ಲ.

ನಿಮ್ಮ ಮಗಳು


ಆಗಸ್ಟ್ ೧೬

ಮಗಳೇ,

ವಕೀಲರಿಂದ ಒಂದು ಸಾಲಿನ ಕಾಗದ ಬಂದಿತ್ತು. ತಮ್ಮ ಸಾಕ್ಷ್ಯದ ಅಗತ್ಯ ಇರುವುದಿಲ್ಲ, ಸಹಕಾರಕ್ಕಾಗಿ ಧನ್ಯವಾದಗಳು. ಓದಿದಾಗ ನನಗೆ ಮೊದಲು ಆದದ್ದು ನಿರಾಳ. ಆಮೇಲೆ ಆ ನಿರಾಳಕ್ಕೇ ಹೇಸಿಗೆಯಾಯಿತು.

ಅದಕ್ಕೇ ಒಂದು ಹೇಳಿಕೆ ಬರೆದೆ. ಜಾಲರಿ ತೆಗೆಸಿದ್ದು ನಾನು, ಕರೆದದ್ದು ನಾನು, ವಿಚಾರಣೆಯಲ್ಲಿ ಸುಳ್ಳು ಹೇಳಿದ್ದು ನಾನು. ಸಹಿ ಹಾಕಿ, ಹಳೆಯ ವಿಚಾರಣೆಯ ಕಡತಕ್ಕೆ ಸೇರಿಸಲಿ ಎಂದು ಮಿಲ್ಲಿಗೆ ಒಯ್ದೆ. ಗೇಟು ಅರ್ಧ ತೆಗೆದಿತ್ತು. ಆಫೀಸಿನಲ್ಲಿ ಗುಮಾಸ್ತರೊಬ್ಬರೇ ಇದ್ದರು. ಗೋಡೆಯಲ್ಲಿ ಗಡಿಯಾರ ಇದ್ದ ಜಾಗ ಮಾತ್ರ ಬೆಳ್ಳಗೆ ಕಾಣುತ್ತಿತ್ತು.

"ಯಾರಿಗೆ ಕೊಡ್ತೀರಿ ಸರ್? ತಗೊಳ್ಳೋಕೆ ಯಾರಿದ್ದಾರೆ?" ಎಂದರು.

"ಕಡತ ಇದೆಯಲ್ಲ, ಅದಕ್ಕೆ ಸೇರಿಸಿ."

"ಹಳೇ ಕಡತ ಎಲ್ಲ ಹೋದ ತಿಂಗಳು ರದ್ದಿಗೆ ಹೋಯ್ತು. ಇಷ್ಟೊತ್ತಿಗೆ ಯಾವುದೋ ಮಿಲ್ಲಲ್ಲಿ ನೆನೆದು ತಿರುಳಾಗಿರ್ತವೆ." ನಕ್ಕರು. ನನ್ನ ಮುಖ ನೋಡಿ ನಿಲ್ಲಿಸಿದರು. "ಕೂತ್ಕೊಳ್ಳಿ ಸರ್, ನೀರು ಕೊಡ್ಲಾ?"

ಅವರು ಸ್ವಂತ ಅಜಾಗರೂಕತೆ ಎಂದು ಬರೆದ ಕಾಗದವೂ ಇನ್ನಿಲ್ಲ, ಅದನ್ನು ತಿದ್ದುವ ಜಾಗವೂ ಇನ್ನಿಲ್ಲ. ಹೇಳಿಕೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಗೇಟಿನ ಹೊರಗೆ ಬಹಳ ಹೊತ್ತು ನಿಂತಿದ್ದೆ. ನಲವತ್ತು ವರ್ಷ ಕೇಳಿದ ಸದ್ದು ಇಲ್ಲದೆ ಕಿವಿ ಗುಂಯ್ ಎನ್ನುತ್ತಿತ್ತು.

ಭಾನುವಾರ ಮೇಷ್ಟ್ರ ಹೆಂಡತಿಗೆ ರಜೆ, ಮನೆಯಲ್ಲಿರುತ್ತಾಳೆ. ಆ ದಿನ ಹೋಗುತ್ತೇನೆ. ನಿನ್ನಮ್ಮ ತಾನೂ ಬರುತ್ತೇನೆ ಎಂದಳು. ಬೇಡ ಎಂದೆ. ಆದರೂ ಬರುತ್ತಾಳೆ, ನನಗೆ ಗೊತ್ತು.

ನಿನ್ನ ಅಪ್ಪ


ಅಕ್ಟೋಬರ್ ೫

ಫೋರ್‌ಮನ್ನರ ಮಗಳಿಗೆ,

ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು. ಎಡಗೈಯಲ್ಲಿ ಬರೆಯುವವನು, ನನಗೆ ಹೊತ್ತು ಹಿಡಿಯುತ್ತದೆ. ಅದಲ್ಲದೆ ಮೊದಮೊದಲು ಉತ್ತರ ಬರೆಯುವ ಮನಸ್ಸೂ ಇರಲಿಲ್ಲ.

ಪೇಟೆಂಟಿನಲ್ಲಿ ನನ್ನ ಹೆಸರು ಸೇರಿಸಲು ಪ್ರಯತ್ನಿಸಲೇ ಎಂದು ಕೇಳಿದ್ದೀಯ. ಪ್ರಯತ್ನಿಸಬೇಕು ಎಂದು ನಿನಗಿದ್ದಿದ್ದರೆ ನೀನು ನನ್ನನ್ನು ಕೇಳದೆ ಪ್ರಯತ್ನಿಸುತ್ತಿದ್ದೆ. ಬೇಸರ ಮಾಡಿಕೊಳ್ಳಬೇಡ. ನಿನ್ನನ್ನು ಇಷ್ಟೆತ್ತರ ಇದ್ದಾಗಿನಿಂದ ನೋಡಿದ್ದೇನೆ, ಅದಕ್ಕೇ ಕಡ್ಡಿ ಮುರಿದ ಹಾಗೆ ಹೇಳಿದೆ.

ನಿಮ್ಮಪ್ಪ ಬಂದ ವಿಷಯ ಅವರು ನಿನಗೆ ಬರೆದಿರಲಾರರು. ಆಗಸ್ಟಿನಲ್ಲಿ, ಒಂದು ಭಾನುವಾರ, ನಿಮ್ಮಮ್ಮನ ಜೊತೆ ಬಂದರು. ಮೆಟ್ಟಿಲು ಹತ್ತಲು ಇಬ್ಬರಿಗೂ ಸಾಕಾಗಿತ್ತು. ನನ್ನ ಹೆಂಡತಿ ಕುರ್ಚಿ ಕೊಟ್ಟರೆ ಕೂರಲಿಲ್ಲ. ಗೋಡೆ ಹಿಡಿದು ನಿಂತುಕೊಂಡೇ ಹೇಳಿದರು. ಜೇಬಿನಲ್ಲಿ ಕಾಗದ ಇತ್ತು, ಅದನ್ನು ತೆಗೆಯಲಿಲ್ಲ. "ಅವನು ತಾನಾಗಿ ಕೈ ಹಾಕಲಿಲ್ಲ ತಾಯಿ. ನಾನು ಕರೆದೆ. ಕರೆದು, ವಿಚಾರಣೆಯಲ್ಲಿ ನೆನಪಿಲ್ಲ ಅಂದೆ." ಇಷ್ಟೇ. ನಿಮ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ನನ್ನವಳು ಎದ್ದು ಅಡುಗೆಮನೆಗೆ ಹೋದವಳು ಅವರು ಹೋಗುವವರೆಗೂ ಈಚೆ ಬರಲಿಲ್ಲ. ಬಾಗಿಲಲ್ಲಿ ನಿಮ್ಮಪ್ಪ ನನ್ನ ಮುಖ ನೋಡಿದರು. ಏನೋ ಒಂದು ಮಾತಿಗೆ ಕಾಯುತ್ತಿದ್ದರು. ಇನ್ನು ಬರಬೇಡ ಎಂದೆ. ಆಯಿತು ಎಂದರು. ನಿನಗೆ ಇದನ್ನು ಬರೆಯುವುದು ಹಗೆಯಿಂದಲ್ಲ. ಅವರನ್ನು ನೋಡಿದರೆ ನನಗೆ ಆ ಮಧ್ಯಾಹ್ನ ಮತ್ತೆ ಶುರುವಾಗುತ್ತದೆ. ಅವರಿಗೂ ಹಾಗೇ ಇರಬೇಕು. ನೀನು ಹೋಗಿ ನಾಲ್ಕು ದಿನ ಅವರ ಜೊತೆ ಇದ್ದು ಬಾ.

ಹತ್ತೊಂಬತ್ತು ವರ್ಷ ನನ್ನ ಹೆಂಡತಿ ದಿನಕ್ಕೊಮ್ಮೆಯಾದರೂ ನನ್ನನ್ನು ಬೈದಿದ್ದಾಳೆ. ಗುಂಡಿ ಹಾಕುವಾಗ, ತಟ್ಟೆ ಇಡುವಾಗ, ನಿನ್ನ ಗಮನ ಎಲ್ಲಿತ್ತು ಅಂತ. ಆ ಭಾನುವಾರದಿಂದ ಬೈಯುತ್ತಿಲ್ಲ. ಮನೆ ಬಿಕೋ ಎನ್ನುತ್ತಿದೆ. ಹೊಲಿಗೆಯಿಂದ ಬಂದು, ಅಂಗಿ ತೋಳಿಗೆ ಪಿನ್ನು ಹಾಕಿ, ಸುಮ್ಮನೆ ಕೂರುತ್ತಾಳೆ.

ಮೊನ್ನೆ ಪಿನ್ನು ಹಾಕುತ್ತಾ, ನನ್ನ ಮುಖ ನೋಡದೆ, "ಅವತ್ತು ತುಂಬಾ ನೋವಾಯ್ತಾ?" ಎಂದು ಕೇಳಿದಳು.

ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಇಲ್ಲ ಎಂದೆ.

ಮೇಷ್ಟ್ರು